ಮಗ್ಗದ ಕುಣಿಯ ಮೇಲೊಂದು ಕುರ್ಚಿ

ಬಿ.ಎ. ಮಾಡಿಸಿದರೆ ಏನು ಸಿಗುತ್ತದೆ ಎಂದು ಯಾರಾದರೂ ಕೇಳಿದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಕೇಳುವವರದೇನೂ ತಪ್ಪಿಲ್ಲ. ಮಗನನ್ನು ನಾಲ್ಕು ವರ್ಷ ಕಾಲೇಜಿಗೆ ಹಾಕುವವರು ಖರ್ಚೆಷ್ಟು, ಬರುವುದೆಷ್ಟು ಎಂದು ನೋಡಲೇಬೇಕು. ನನ್ನ ಅಪ್ಪನೂ ನೋಡಿದ್ದ. ಹಗಲೂ ರಾತ್ರಿ ಅದನ್ನೇ ನೋಡಿದ್ದ. ಅದಕ್ಕೇ ನನಗೆ ಸಿಟ್ಟು.

ನಮ್ಮದು ಬನಹಟ್ಟಿಯ ನೇಕಾರರ ಓಣಿ. ಪಡಸಾಲೆಯಲ್ಲಿ ಎರಡು ಕುಣಿಮಗ್ಗ ಇದ್ದವು. ನೆಲದಲ್ಲಿ ತಗ್ಗು ತೋಡಿ, ಅದರ ಅಂಚಿಗೆ ಕುಳಿತು, ಕಾಲುಗಳನ್ನು ಒಳಗೆ ಇಳಿಬಿಟ್ಟು ನೇಯುವ ಮಗ್ಗ ಅದು. ಕೆಳಗೆ ಕಾಲು ಹಲಗೆ ತುಳಿಯಬೇಕು, ಮೇಲೆ ಕೈ ಲಾಳಿ ಓಡಿಸಬೇಕು. ಬಾಗಿಲಲ್ಲಿ ನಿಂತು ನೋಡುವವರಿಗೆ ನೇಕಾರ ಸೊಂಟದಿಂದ ಮೇಲಷ್ಟೇ ಇದ್ದಾನೆ ಅನಿಸುತ್ತದೆ. ಒಂದು ಕುಣಿ ಅಪ್ಪನದು, ಇನ್ನೊಂದು ನನ್ನದು. ನನ್ನ ಕಾಲು ಹಲಗೆಗೆ ಎಟುಕಿದ ವರ್ಷವೇ ಅಪ್ಪ ಅದನ್ನು ತೋಡಿಸಿ, ಪೂಜೆ ಮಾಡಿ, ನನ್ನನ್ನು ಕೂಡಿಸಿದ್ದ. ಸಾಲೆಗೆ ಹೋಗುವ ಮೊದಲು ಒಂದಿಷ್ಟು, ಬಂದ ಮೇಲೆ ಒಂದಿಷ್ಟು ನೇಯುತ್ತಿದ್ದೆ. ಅವ್ವ ರಾಟಿಯ ಮುಂದೆ ಕುಳಿತು ಎರಡೂ ಮಗ್ಗಕ್ಕೆ ಕಂಡಿಕೆ ಸುತ್ತುತ್ತಿದ್ದಳು. ಅಡ್ಡ ಎಳೆಯಾಗುವ ಹೊಕ್ಕಿನ ನೂಲನ್ನು ಕಂಡಿಕೆಗೆ ಸುತ್ತಿ ಲಾಳಿಯಲ್ಲಿ ಇಡದಿದ್ದರೆ ಮಗ್ಗ ಓಡುವುದಿಲ್ಲ.

ನಮ್ಮಲ್ಲಿ ರೂಪಾಯಿಯ ಮಾತು ಕಡಿಮೆ, ಸೀರೆಯ ಮಾತೇ ಹೆಚ್ಚು. ನೂಲು ರಬಕವಿಯ ಸಾವುಕಾರನದು, ನೇಯ್ದ ಸೀರೆಯೂ ಅವನದೇ. ನಮಗೆ ಬರುವುದು ಸೀರೆಗೆ ಇಷ್ಟೆಂದು ಮಜೂರಿ. ಹಾಗಾಗಿ ಜೋಳದ ಚೀಲಕ್ಕೆ ಇಷ್ಟು ಸೀರೆ, ಮನೆಯ ಮಾಳಿಗೆ ರಿಪೇರಿಗೆ ಇಷ್ಟು ಸೀರೆ ಎಂದೇ ನಾವು ಮಾತಾಡುವುದು. ನಾನು ಮ್ಯಾಟ್ರಿಕ್ ಪಾಸಾದಾಗ ಅಪ್ಪ ಬಾಜೂ ಮನೆಯ ಕಾಕಾನನ್ನು ಕಟ್ಟೆಯ ಮೇಲೆ ಕೂಡಿಸಿಕೊಂಡು ನನ್ನ ಬಿ.ಎ.ಯನ್ನೂ ಹಾಗೇ ಸೀರೆಯಲ್ಲಿ ಅಳೆದ. ಕಾಕಾ ಸಂಬಂಧಿಯಲ್ಲ, ಆದರೆ ಎರಡು ಮನೆಗೂ ನಡುವೆ ಗೋಡೆಯೊಂದೇ, ಅವನೂ ನೇಕಾರ.

“ನಾಕು ವರ್ಷದ ಖರ್ಚಂದ್ರ ನನ್ನ ಮಗ್ಗದ್ದು ವರ್ಷ ಒಪ್ಪತ್ತಿನ ದುಡಿಮಿ ಆಗಬಹುದು,” ಎಂದ ಅಪ್ಪ. “ಆಮ್ಯಾಲ ಮುಪ್ಪಾಗೂತನಕ ಪಗಾರ. ಮಳಿ ಬರಲಿ, ನೂಲು ತುಟ್ಟಿ ಆಗಲಿ, ತಿಂಗಳ ಆತಂದ್ರ ಪಗಾರ ಬಿತ್ತು.”

“ಹುಡುಗ ನಾಕು ವರ್ಷ ನೇಯೂದು ಬಿಡತಾನಲ್ಲ, ಅದನ್ನ ಯಾವ ಲೆಕ್ಕಕ್ಕ ಹಿಡದಿ?” ಎಂದು ಕಾಕಾ ಕೇಳಿದ.

“ಅದು ಖರ್ಚೇನು? ಕೈಯಿಂದ ಹೋಗೂದು ಖರ್ಚು.”

“ಬರೂದು ಬರಲಿಲ್ಲಂದ್ರ ಅದೂ ಹೋದಂಗನ ಬಿಡಪಾ.”

ಅಪ್ಪನಿಗೆ ಮಾತು ಸೇರಲಿಲ್ಲ. ಎದ್ದು ಒಳಗೆ ಹೋಗಿ ಮಗ್ಗಕ್ಕೆ ಕುಳಿತ. ಸಿಟ್ಟು ಬಂದಾಗ ಅವನ ಲಾಳಿಯ ಸಪ್ಪಳ ಜೋರಾಗುತ್ತಿತ್ತು, ಓಣಿಗೆಲ್ಲ ಗೊತ್ತಾಗುತ್ತಿತ್ತು.

ಆರ್ಟ್ಸ್ ಯಾಕೆ ಎಂದರೆ ಅದಕ್ಕೂ ಅವನ ಹತ್ತಿರ ಉತ್ತರವಿತ್ತು. ಸಾಯನ್ಸಿಗೆ ಫೀ ಹೆಚ್ಚು, ಅದು ಮುಗಿದ ಮೇಲೂ ಡಾಕ್ಟರಕಿ ಅದು ಇದು ಎಂದು ಮತ್ತೆ ಓದಬೇಕು, ಮುಗಿಯುವುದೇ ಇಲ್ಲ. ಆರ್ಟ್ಸ್ ಆದರೆ ನಾಲ್ಕು ವರ್ಷಕ್ಕೆ ಕೆಲಸ ಖಲಾಸ್. ಸಂಸ್ಥಾನಗಳೆಲ್ಲ ಆಗಷ್ಟೇ ಮುಂಬಯಿ ರಾಜ್ಯದಲ್ಲಿ ಕೂಡಿಹೋಗಿದ್ದವು. ಹೊಸ ಸರಕಾರಕ್ಕೆ ಬಿ.ಎ. ಆದವರು ಬೇಕೇ ಬೇಕು ಎಂದು ಅವನಿಗೆ ಯಾರು ಹೇಳಿದ್ದರೋ ನಾನರಿಯೆ.

ಧಾರವಾಡದಲ್ಲಿ ನಮ್ಮ ಮಂದಿಯ ಬೋರ್ಡಿಂಗಿನಲ್ಲಿ ಊಟ ಪುಕ್ಕಟೆ ಸಿಕ್ಕಿತು. ಇತಿಹಾಸ ತೆಗೆದುಕೊಂಡೆ. ಸುಳ್ಳೇಕೆ ಹೇಳಲಿ, ಆ ನಾಲ್ಕು ವರ್ಷ ನಾನು ಬಹಳ ಖುಷಿಯಾಗಿದ್ದೆ. ಕಾಲೇಜಿನ ಸೂಟಿಗೆ ಊರಿಗೆ ಬಂದಾಗ ನನ್ನ ಕುಣಿಗೆ ಇಳಿದು ನೇಯುತ್ತಲೇ, ಓದಿದ ರಾಜರ ಕಥೆಗಳನ್ನು ಅಪ್ಪನಿಗೆ ಹೇಳುತ್ತಿದ್ದೆ. ಎರಡು ಮಗ್ಗದ ಗದ್ದಲದಲ್ಲಿ ಒದರಿಯೇ ಹೇಳಬೇಕು. ಕಥೆ ರಂಗೇರಿದಾಗ ಅಪ್ಪ ಮಗ್ಗ ನಿಲ್ಲಿಸಿಬಿಡುತ್ತಿದ್ದ. “ಕಥಿ ಕೇಳಕೋತ ಕುಂತ್ರ ಸೀರಿ ಇಳೀತೈತೇನು?” ಎಂದು ಅವ್ವ ರಾಟಿ ಬಿಟ್ಟು ಬೈಯುತ್ತಿದ್ದಳು.

“ಸತ್ತ ರಾಜಾರ ಸುದ್ದಿ ಹೇಳಿದ್ರ ಪಗಾರ ಕೊಡತಾರಂದ್ರ,” ಎಂದು ಅಪ್ಪ ನಗುತ್ತಿದ್ದ, “ಈ ಸರಕಾರ ಖರೇನ ಬಾಳ ಶಾಣ್ಯಾ ಐತಿಲೇ!”

ಹಾಗೆ ನಗುತ್ತಿದ್ದ ಅಪ್ಪನೇ ನನಗೆ ಹೆಚ್ಚು ನೆನಪಿನಲ್ಲಿರಬೇಕಿತ್ತು. ಇಲ್ಲ, ಆಮೇಲಿನವನೇ ನೆನಪಾಗುತ್ತಾನೆ.

ಪಾಸಾದ ಸುದ್ದಿ ನನಗಿಂತ ಮೊದಲೇ ಬನಹಟ್ಟಿ ಮುಟ್ಟಿತ್ತು. ನಾನು ಧಾರವಾಡದಿಂದ ಗಂಟುಮೂಟೆ ಕಟ್ಟಿಕೊಂಡು ಬಂದು ಹೊಸ್ತಿಲು ದಾಟಿದೆ. ಪಡಸಾಲೆಯಲ್ಲಿ ನನ್ನ ಮಗ್ಗವಿರಲಿಲ್ಲ. ಕುಣಿಯೂ ಇರಲಿಲ್ಲ. ಹಳ್ಳದ ಮಣ್ಣು ತಂದು ತುಂಬಿ, ಧಮ್ಮಸ್ಸು ಬಡಿದು, ಸೆಗಣಿ ಸಾರಿಸಿ, ರಂಗೋಲಿ ಹಾಕಿದ್ದರು. ಅದರ ಮೇಲೆ ಜಮಖಂಡಿಯಿಂದ ತಂದ ಕೈ ಇರುವ ಕಟ್ಟಿಗೆಯ ಕುರ್ಚಿ. ನಮ್ಮ ಮನೆಗೆ ಕುರ್ಚಿ ಬಂದದ್ದು ಅದೇ ಮೊದಲು. ನನ್ನ ಮಗ್ಗದ ಚೌಕಟ್ಟನ್ನು ಕಾಕಾನಿಗೆ ಅರ್ಧ ಬೆಲೆಗೆ ಕೊಟ್ಟು ಆ ದುಡ್ಡಿನಲ್ಲಿ ಅಪ್ಪ ಕುರ್ಚಿ ತಂದಿದ್ದ. ಈಗ ತನ್ನ ಕುಣಿಯಲ್ಲಿ ಕುಳಿತು, ಕತ್ತು ಮೇಲೆತ್ತಿ, ಮುಖದ ತುಂಬ ನಗುತ್ತಿದ್ದ.

“ಕುಂದ್ರು,” ಎಂದ.

ಕುಳಿತೆ. ಅಪ್ಪನ ತಲೆ ನನ್ನ ಎದೆಯ ಮಟ್ಟಕ್ಕೆ ಬಂತು.

“ಯಪ್ಪಾ, ಕುಣಿ ಯಾಕ ಮುಚ್ಚಿದಿ? ನೌಕರಿ ಸಿಗೂತನಕ ನೇಯತಿದ್ನಿ.”

“ತಗ್ಗ ಕಂಡ್ರ ಕಾಲು ಇಳೀತಾವಲೇ. ಒಮ್ಮಿ ಇಳದ್ರ ಮತ್ತ ಏಳಾಕ ಆಗೂದಿಲ್ಲ. ನನ್ನ ನೋಡವಲ್ಲೇನು?”

ನಮ್ಮ ಓಣಿಯಲ್ಲಿ ಕುಣಿ ಮುಚ್ಚುವ ಪದ್ಧತಿಯೇ ಇರಲಿಲ್ಲ. ಅಪ್ಪ ಸತ್ತರೆ ಮಗ ಇಳಿಯುತ್ತಿದ್ದ, ಮಗನಿಲ್ಲದಿದ್ದರೆ ಅಳಿಯ ಇಳಿಯುತ್ತಿದ್ದ. ಹೊಸ ಅಂಗಡಿ ತೆರೆಯುವ ತನಕ ಹಳೆಯ ಅಂಗಡಿಗೆ ಯಾವ ವ್ಯಾಪಾರಿಯೂ ಕೀಲಿ ಹಾಕುವುದಿಲ್ಲ. ಬೀಜದ ಜೋಳವನ್ನು ಹತ್ತಿರದ ಹುನ್ನೂರಿನ ಯಾವ ಒಕ್ಕಲಿಗನೂ ಹಬ್ಬಕ್ಕೆಂದು ಬೀಸುವುದಿಲ್ಲ. ಇಂಥ ತಪ್ಪು ಮಾಡಬೇಕಾದರೆ ಜನ್ಮವೆಲ್ಲ ಕುಣಿಯಲ್ಲಿ ಕಾಲಿಟ್ಟು, ಮಗನ ಕಾಲಾದರೂ ಮೇಲೆ ಬರಲಿ ಎಂದು ಹರಕೆ ಹೊತ್ತವನೇ ಆಗಬೇಕು.

ನೌಕರಿ ಬರಲಿಲ್ಲ. ಜಮಖಂಡಿಯ ಕಚೇರಿಗೆ ಹೋದೆ. ಸಂಸ್ಥಾನದ ಹಳೆಯ ಕಾರಕೂನರಿಗೇ ಕೂಡಲು ಜಾಗವಿಲ್ಲ, ನಿನಗೆಲ್ಲಿಂದ ತರೋಣ ಎಂದರು. ಮುಧೋಳದಲ್ಲೂ ಅದೇ ಮಾತು. ಒಬ್ಬ ಸಾಹೇಬ ಟೈಪಿಂಗ್ ಬರುತ್ತದೆಯೇ ಎಂದು ಕೇಳಿದ. ಇತಿಹಾಸ ಬರುತ್ತದೆ ಎಂದೆ. ಅವನು ನಕ್ಕ ರೀತಿಯನ್ನು ನಾನು ಇವತ್ತಿಗೂ ಮರೆತಿಲ್ಲ. ಹೈಸ್ಕೂಲುಗಳಿಗೆ ಹೋದರೆ ಬಿ.ಎ. ಸಾಲದು, ಮಾಸ್ತರಿಕೆಯ ಬಿ.ಟಿ. ಆಗಿರಬೇಕು ಎಂದರು. ಆ ಬಿ.ಟಿ. ಎಂಬುದು ಅಪ್ಪನ ಲೆಕ್ಕದಲ್ಲಿ ಇರಲೇ ಇಲ್ಲ, ಯಾಕೆಂದರೆ ಅದರ ಹೆಸರನ್ನೇ ನಮ್ಮ ಓಣಿಯಲ್ಲಿ ಯಾರೂ ಕೇಳಿರಲಿಲ್ಲ.

ಮೊದಮೊದಲು ಓಣಿಯವರು ಕುರ್ಚಿ ನೋಡಲು ಬಂದರು. ಆಮೇಲೆ ಬರುವುದು ಬಿಟ್ಟರು, ಬಾಗಿಲ ಮುಂದೆ ಹಾಯುವಾಗ ಒಮ್ಮೆ ಇಣುಕಿ ಹೋಗುತ್ತಿದ್ದರು. ನಾನು ಕುರ್ಚಿಯ ಮೇಲೆ, ಅಪ್ಪ ಕುಣಿಯಲ್ಲಿ. ಕಂಡಿಕೆಯನ್ನಾದರೂ ಸುತ್ತುತ್ತೇನೆಂದು ರಾಟಿಗೆ ಕೈ ಹಾಕಿದರೆ ಅವ್ವ ಕಿತ್ತುಕೊಳ್ಳುತ್ತಿದ್ದಳು. ನಾನು ಕಾಲೇಜಿಗೆ ಹೋಗುವ ಮೊದಲು ಎರಡು ಮಗ್ಗ ಹೊರುತ್ತಿದ್ದ ಮೂವರ ಖರ್ಚನ್ನು ಒಂದೇ ಮಗ್ಗ ಹೊರಬೇಕಾಯಿತು. ಅಪ್ಪ ನಸುಕಿನಲ್ಲಿ ಇಳಿದರೆ ದೀಪ ಹಚ್ಚುವ ಹೊತ್ತಿಗೆ ಏಳುತ್ತಿದ್ದ. ಆ ವರ್ಷ ಮಳೆ ಹೆಚ್ಚು. ಕುಣಿಯಲ್ಲಿ ನೀರು ಜಿನುಗಿತು. ಗೋಣಿತಟ್ಟು ಹಾಸಿದರೂ ಹಸಿ ನಿಲ್ಲಲಿಲ್ಲ. ಬೆರಳ ಸಂದಿಯಲ್ಲಿ ಹುಣ್ಣಾದವು, ಮೀನಖಂಡ ಬಾತವು. ನಾನು ಕೆಳಗಿಳಿಯುತ್ತೇನೆ, ನೀನು ಮೇಲೆ ಬಾ ಎಂದು ಎಷ್ಟು ಸಲ ಹೇಳಿದೆನೋ. ಅವನು ಕಿವಿಗೇ ಹಾಕಿಕೊಳ್ಳಲಿಲ್ಲ.

ಒಂದು ದಿನ ಅಪ್ಪ ಸೀರೆ ಮುಟ್ಟಿಸಲು ರಬಕವಿಗೆ ಹೋಗಿದ್ದ. ಅವ್ವ ನೀರಿಗೆ ಹೋಗಿದ್ದಳು. ನಾನು ಬಾಗಿಲು ಮುಚ್ಚಿಕೊಂಡು, ಅಪ್ಪನ ಮಗ್ಗಕ್ಕೆ ಇಳಿದು, ಒಂದು ಮೊಳಕ್ಕೂ ಮಿಕ್ಕಿ ನೇಯ್ದೆ. ಎಷ್ಟೋ ತಿಂಗಳ ಮೇಲೆ ತಿಂದ ಅನ್ನ ಅರಗಿತು ಅನಿಸಿತು. ಅಪ್ಪ ಬಂದ. ಮಗ್ಗದ ಮೇಲೆ ಕೈಯಾಡಿಸಿದ. ಎಲ್ಲಿಂದ ನನ್ನ ಕೈ ಶುರುವಾಗಿದೆ ಎಂದು ಅವನಿಗೆ ಕೂಡಲೇ ಗೊತ್ತಾಯಿತು, ಯಾಕೆಂದರೆ ಹೊಕ್ಕನ್ನು ಒತ್ತಿ ಕೂಡಿಸುವ ನನ್ನ ಪೆಟ್ಟು ಅವನದಕ್ಕಿಂತ ಬಿಗಿ. ಮಗ್ಗಕ್ಕೆ ಕುಳಿತು, ನಾನು ನೇಯ್ದ ಹೊಕ್ಕನ್ನೆಲ್ಲ ಎಳೆ ಎಳೆಯಾಗಿ ಬಿಚ್ಚಿದ.

“ಯಾಕ ಬಿಚ್ಚತಿ? ನೇಯೂದರಾಗ ಏನು ಕಸರು ಐತಿ?” ಎಂದು ನಾನು ಕೂಗಿದೆ.

“ಕಸರಿಲ್ಲ. ಸಾವುಕಾರ ಕೈ ಗುರ್ತು ಹಿಡೀತಾನ. ಬಿ.ಎ. ಆದಾಂವ ಕುಣಿಗೆ ಇಳದಾನಂತ ಸಂತಿಯೊಳಗ ಸುದ್ದಿ ಆಗತೈತಿ. ಆಮ್ಯಾಲ ನಿನಗ ಯಾರ ಕರದು ನೌಕರಿ ಕೊಡತಾರು?”

“ಊರ ಮಂದಿ ನಮ್ಮ ಹೊಟ್ಟಿಗೆ ಹಾಕತಾರೇನು? ನಿನ್ನ ಕಾಲ ನೋಡಕೋ ಒಮ್ಮಿ!”

ಅವನು ನೋಡಿಕೊಳ್ಳಲಿಲ್ಲ. ಬಿಚ್ಚಿದ ನೂಲನ್ನು ಮತ್ತೆ ಕಂಡಿಕೆಗೆ ಸುತ್ತಲು ಅವ್ವನಿಗೆ ಕೊಟ್ಟ. ನಾನು ನೇಯ್ದದ್ದೂ ಹೋಯಿತು, ಅದನ್ನು ಬಿಚ್ಚುವುದರಲ್ಲಿ ಅವನ ಹೊತ್ತೂ ಹೋಯಿತು. ನಾನು ಹೊರಗೆ ಹೋಗಿ ಹಳ್ಳದ ದಂಡೆಯಲ್ಲಿ ಕುಳಿತು ಅತ್ತೆ. ಯಾರ ಮೇಲೆ ಸಿಟ್ಟಾಗಬೇಕೆಂದೇ ತಿಳಿಯಲಿಲ್ಲ.

ಮರುವರ್ಷ ಬೀಳಗಿಯ ಒಂದು ಹೈಸ್ಕೂಲಿನಲ್ಲಿ ಹಂಗಾಮಿ ಜಾಗ ಸಿಕ್ಕಿತು. ಅಪ್ಪ ಓಣಿಗೆಲ್ಲ ಸಕ್ಕರೆ ಹಂಚಿದ. ಕೋಣೆಯ ಬಾಡಿಗೆ, ಖಾನಾವಳಿ, ಬಸ್ಸಿನ ಚಾರ್ಜು ಕಳೆದು ಮನೆಗೆ ಕಳಿಸಲು ಉಳಿಯುತ್ತಿದ್ದದ್ದು, ಮುಚ್ಚಿದ ಮಗ್ಗ ಕೊಡುತ್ತಿದ್ದುದಕ್ಕಿಂತ ತುಸು ಕಡಿಮೆಯೇ. ಅದು ನನಗೂ ಗೊತ್ತಿತ್ತು, ಅಪ್ಪನಿಗೂ ಗೊತ್ತಿತ್ತು. ಇಬ್ಬರೂ ಆ ಮಾತು ಎತ್ತಲಿಲ್ಲ.

ಒಮ್ಮೆ ನನ್ನನ್ನು ನೋಡಲೆಂದು ಅಪ್ಪ ಬೀಳಗಿಗೆ ಬಂದ. ಬಾತ ಕಾಲಿಗೆ ಚಪ್ಪಲಿ ಹಿಡಿಯದೆ ಕೈಯಲ್ಲಿ ಹಿಡಿದುಕೊಂಡು ಬಂದಿದ್ದ. ನಾನು ವರ್ಗದಲ್ಲಿದ್ದೆ. ಪಾಠ ಮುಗಿಯುವ ತನಕ ಕಿಟಕಿಯ ಹೊರಗೆ ಬೇವಿನ ಗಿಡದ ಕೆಳಗೆ ನಿಂತು ನೋಡಿದನಂತೆ. ಹೊರಗೆ ಬಂದ ಕೂಡಲೇ ಕೇಳಿದ್ದು ಪಾಠದ ಸುದ್ದಿಯನ್ನಲ್ಲ.

“ಕುರ್ಚಿ ಇತ್ತಲ್ಲೋ ಅಲ್ಲಿ? ನಿಂತ ಯಾಕ ಹೇಳತಿದ್ದಿ?”

“ಮಾಸ್ತರು ನಿಂತ ಹೇಳಬೇಕು ಯಪ್ಪಾ.”

“ದಿನಾ?”

“ದಿನಾ.”

ಅಪ್ಪ ನನ್ನ ಕಾಲು ನೋಡಿದ. “ಹಂಗಾರ ನಿನಗೂ ಕಾಲಿನ ತ್ರಾಸ ತಪ್ಪಲಿಲ್ಲ,” ಎಂದ. ಖಾನಾವಳಿಗೆ ಕರೆದುಕೊಂಡು ಹೋದೆ. ಒಂದು ರೊಟ್ಟಿ ತಿಂದು ಸಾಕೆಂದ.

ಬೇಸಿಗೆಯಲ್ಲಿ ಆ ಜಾಗಕ್ಕೆ ಬಿ.ಟಿ. ಆದವರೊಬ್ಬರು ಬಂದರು. ಹೆಡ್ ಮಾಸ್ತರರು ಒಳ್ಳೆಯವರು. “ನೀವು ಛಲೋ ಹೇಳತೀರಿ. ಆದ್ರ ಬಿ.ಟಿ. ಇದ್ದವರು ಬಂದ ಮ್ಯಾಲ ನಾವೇನು ಮಾಡೂಣ್ರೀ? ಬೆಳಗಾವಿಗೆ ಹೋಗಿ ಒಂದು ವರ್ಷದಾಗ ಮುಗಿಸಿಬಿಡ್ರಿ,” ಎಂದು ಚಹಾ ಕುಡಿಸಿ ಕಳಿಸಿದರು.

ಮನೆಗೆ ಬಂದು ಅಪ್ಪನ ಮುಂದೆ ಕುಳಿತೆ. ಈ ಸಲ ನೆಲದ ಮೇಲೆ ಕುಳಿತೆ. ಬಿ.ಎ. ಓದಿಸಿದ್ದು ದಂಡವಾಯಿತು, ಇನ್ನು ನನ್ನನ್ನು ಬಿಡು, ನಿನ್ನ ಮಗ್ಗಕ್ಕೆ ನಾನು ಕೂಡುತ್ತೇನೆ, ನೀನು ಕಾಲು ಚಾಚಿ ಮಲಗು ಎಂದೆ. ಆಗಲೇ ಅವನ ಕಾಲು ಹಲಗೆ ತುಳಿಯಲು ಒಲ್ಲೆ ಎನ್ನುತ್ತಿತ್ತು. ನಾಲ್ಕು ಸಲ ತುಳಿದರೆ ಒಮ್ಮೆ ನಿಂತು ಉಸಿರು ಬಿಡುತ್ತಿದ್ದ.

“ಅರ್ಧಾ ನೇಯ್ದ ಸೀರಿ ಯಾರು ತೊಗೋತಾರಲೇ?” ಎಂದು ಅಪ್ಪ ಕೇಳಿದ.

“ನನಗ ಓದೂದು ಸಾಕಾತು ಯಪ್ಪಾ.”

“ನಿನಗ ಸಾಕಾಗಿಲ್ಲ. ನನ್ನ ಕಾಲ ನೋಡಿ ಅನ್ನಾಕತ್ತಿ. ಮಗ್ಗ ಮಾರತೇನಿ, ಬೆಳಗಾವಿಗೆ ಹೋಗು.”

ಅವ್ವನ ಕಡೆ ನೋಡಿದೆ. ಅವಳು ರಾಟಿ ತಿರುಗಿಸುತ್ತಲೇ ಇದ್ದಳು, ತಲೆ ಎತ್ತಲಿಲ್ಲ. ಒಂದು ಮಾತು ಬೇಡವೆಂದಿದ್ದರೆ ಅಪ್ಪ ಕೇಳುತ್ತಿದ್ದನೋ ಏನೋ. ಅವಳೂ ಅಷ್ಟು ವರ್ಷ ಕೊಟ್ಟದ್ದನ್ನು ನೀರಿಗೆ ಬಿಡಲು ಒಲ್ಲದೆ ಇದ್ದಳೆಂದು ಕಾಣುತ್ತದೆ. ಆ ಮಗ್ಗವನ್ನೂ ಕಾಕಾನೇ ಕೊಂಡ. ಒಯ್ಯಲು ಬಂದಾಗ ಚೌಕಟ್ಟಿನ ಒಂದು ತುದಿ ಎತ್ತಿ ಹಿಡಿದು, ಹೆಗಲ ಮೇಲಿನ ವಸ್ತ್ರದಿಂದ ಕಣ್ಣೊರೆಸಿಕೊಂಡ. “ನಾ ಅವತ್ತ ಕಟ್ಟಿ ಮ್ಯಾಲ ಬಾಯಿ ಬಿಡಬಾರದಾಗಿತ್ತು,” ಎಂದ. ಕಾಕಾನದೇನು ತಪ್ಪು? ಅಂದು ಖರೆ ಮಾತಾಡಿದವನು ಅವನೊಬ್ಬನೇ.

ನಾನು ಬೆಳಗಾವಿಗೆ ಹೋದೆ. ಅಪ್ಪ ಬೇರೆಯವರ ಮನೆಗೆ ಹೋಗಿ ಹಾಸು ಕೆಚ್ಚತೊಡಗಿದ. ಮಗ್ಗದ ಉದ್ದೆಳೆಗಳ ಹಳೆಯ ಹಾಸು ಮುಗಿದಾಗ ಹೊಸದರ ಒಂದೊಂದೇ ಎಳೆಯನ್ನು ಹಳೆಯದರ ತುದಿಗೆ ಬೆರಳಲ್ಲಿ ಹೊಸೆದು ಕೂಡಿಸುವ ಕೆಲಸ ಅದು. ಕಾಲು ಹೋದ ನೇಕಾರರೆಲ್ಲ ಕೊನೆಗೆ ಮಾಡುವುದು ಅದನ್ನೇ. ನೆಲದ ಮೇಲೆ ಕುಳಿತು ಮಾಡಬಹುದು, ಮಜೂರಿ ಇಲ್ಲವೆನ್ನುವಷ್ಟು. ಅವ್ವ ಓಣಿಯವರಿಗೆ ಕಂಡಿಕೆ ಸುತ್ತಿದಳು. ನಾನು ದೀಪಾವಳಿಗೆ ಹೋದಾಗ ಅಪ್ಪ ಗೋಡೆಗೆ ಒರಗಿ ಕುಳಿತಿದ್ದ. ಕುರ್ಚಿಯಲ್ಲಿ ಕೂಡು ಎಂದರೆ ಕೂಡಲಿಲ್ಲ. “ಅದು ನಿಂದು,” ಎಂದ. ಬಾವು ಕಾಲಿನಿಂದ ಹೊಟ್ಟೆಗೆ ಏರಿತ್ತು. ಮಾತಾಡುವಾಗ ನಡುನಡುವೆ ಉಸಿರು ಹಿಡಿಯುತ್ತಿತ್ತು. ಜಮಖಂಡಿಯ ಡಾಕ್ಟರರಿಗೆ ತೋರಿಸೋಣವೆಂದೆ. ನಿನ್ನ ಪರೀಕ್ಷೆ ಮುಗಿಯಲಿ ಎಂದ.

ಪರೀಕ್ಷೆಗೆ ಇನ್ನೂ ದಿನಗಳಿದ್ದವು. ಕಾಕಾನ ತಂತಿ ಬಂತು. ನಾನು ಬನಹಟ್ಟಿ ಮುಟ್ಟುವ ಹೊತ್ತಿಗೆ ಅಪ್ಪನನ್ನು ಗೋಡೆಗೆ ಆನಿಸಿ ಕೂಡಿಸಿ, ವಿಭೂತಿ ಹಚ್ಚಿ, ನನ್ನ ದಾರಿ ಕಾಯುತ್ತಿದ್ದರು. ನಮ್ಮ ಓಣಿಯಲ್ಲಿ ಸಾವಾದರೆ ಮಣ್ಣು ಮಾಡಿ ಬರುವ ತನಕ ಎಲ್ಲ ಮನೆಯ ಮಗ್ಗ ನಿಲ್ಲಿಸುತ್ತಾರೆ. ಅವತ್ತೂ ಎಲ್ಲರ ಮಗ್ಗ ನಿಂತಿದ್ದವು. ನಿಲ್ಲಿಸಲು ನಮ್ಮ ಮನೆಯಲ್ಲೇ ಮಗ್ಗವಿರಲಿಲ್ಲ. ಓಣಿಯ ಆ ಮೌನದಲ್ಲೇ ನಾನು ಮನೆಯ ತನಕ ನಡೆದು ಬಂದಿದ್ದೆ. ಅಪ್ಪನನ್ನು ನಾನು ಇನ್ನಷ್ಟು ಗಟ್ಟಿಯಾಗಿ ಎದುರು ಹಾಕಿಕೊಳ್ಳಬೇಕಿತ್ತು ಎಂದು ಎಷ್ಟೋ ಜನ ಹೇಳಿದ್ದಾರೆ. ಅವರು ನನ್ನ ಅಪ್ಪನನ್ನು ಕಂಡವರಲ್ಲ.

ಬಿ.ಟಿ. ಪಾಸಾಯಿತು. ಮುಧೋಳದ ಒಂದು ಹೈಸ್ಕೂಲಿನಲ್ಲಿ ಖಾಯಂ ಜಾಗವೇ ಸಿಕ್ಕಿತು. ಅಪ್ಪ ಕಟ್ಟೆಯ ಮೇಲೆ ಹೇಳಿದ್ದ ನೌಕರಿ ಕೊನೆಗೂ ಅವನು ಹೇಳಿದಂತೆಯೇ ಬಂತು. ಅವ್ವನನ್ನು ಕರೆದುಕೊಂಡು ಬಂದು ಎರಡು ಕೋಣೆಯ ಬಾಡಿಗೆ ಮನೆ ಮಾಡಿದೆ. ಬೆಳಿಗ್ಗೆ ನಾನು ಸಾಲೆಗೆ ಹೋದರೆ ಅವಳು ಒಬ್ಬಳೇ. ಆ ಓಣಿಯಲ್ಲಿ ನೇಕಾರರ ಮನೆ ಒಂದೂ ಇರಲಿಲ್ಲ. ಸಂಜೆ ಬಂದಾಗ ಹೊಸ್ತಿಲಲ್ಲಿ ಕುಳಿತಿರುತ್ತಿದ್ದಳು. ಬೇಜಾರಾಯಿತೇ ಎಂದು ಕೇಳಿದರೆ ಇಲ್ಲವೆನ್ನುತ್ತಿದ್ದಳು.

ಮೊದಲ ಪಗಾರವನ್ನು ಅವಳ ಕೈಯಲ್ಲಿಟ್ಟು ಕಾಲು ಮುಟ್ಟಿದೆ. ಅವಳು ನೋಟುಗಳನ್ನು ಕಣ್ಣಿಗೆ ಒತ್ತಿಕೊಂಡಳು. ಬಾಡಿಗೆ ಕೊಟ್ಟು, ದಿನಸಿ ತಂದು, ಏನು ಉಳಿಯುತ್ತದೆ ಎಂದು ಕೇಳಿದಳು. ಹೇಳಿದೆ.

“ನಿಮ್ಮಪ್ಪನೂ ಇಷ್ಟ ತರತಿದ್ರು,” ಎಂದಳು. ಅದರಲ್ಲಿ ಹಂಗಿಸುವುದೇನೂ ಇರಲಿಲ್ಲ. ನನಗೆ ಮಾತ್ರ ಮೈ ಉರಿಯಿತು.

“ಇದು ವರ್ಷಾ ವರ್ಷಾ ಏರತೈತಿ ಯವ್ವಾ,” ಎಂದು ನಾನು ಶುರು ಮಾಡಿದೆ. “ಮಳಿ ಬರಲಿ, ಬಿಡಲಿ, ತಿಂಗಳಾತಂದ್ರ ಬರತೈತಿ. ಫಂಡು ಕೂಡತೈತಿ. ಜಡ್ಡು ಬಿದ್ರೂ ರಜಾ ಕೊಡತಾರ…”

ಅವ್ವ ಎಲ್ಲದಕ್ಕೂ ತಲೆಯಾಡಿಸಿದಳು. ನೋಟುಗಳನ್ನು ಮಡಿಚಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

“ಹೌದಪಾ,” ಎಂದಳು. “ಆದ್ರ ಅವರು ಹಗಲೆಲ್ಲಾ ಮನ್ಯಾಗ ಇರತಿದ್ರು.”